ಮುಂಬಯಿಯ ಕನ್ನಡ ಸಂಘ ಜಪಾನಿನೊಂದಿಗೆ ಸ್ನೇಹ ಬೆಳೆಸುವ ಬಗೆ

ಭಾರತ ಮತ್ತು ಜಪಾನಿನ ರಾಜತಾಂತ್ರಿಕ ಸಂಬಂಧ ಶುರುವಾದದ್ದು 1952ರ ಏಪ್ರಿಲ್ 28ರಂದು. ಮುಂಬಯಿ ಮತ್ತು ಯೊಕೊಹಾಮಾ ಸೋದರಿ ನಗರಗಳಾದದ್ದು 1965ರಲ್ಲಿ. ಮೇಲ್ಮಟ್ಟದ ಕಾಗದಪತ್ರಗಳೆಲ್ಲ ಎಂದೋ ಆಗಿಹೋಗಿವೆ. ಉಳಿದಿರುವುದು ಈ ಊರಿನಲ್ಲಿ ಬದುಕುವ ಎರಡೂ ಕಡೆಯ ಜನ ಒಂದೆಡೆ ಕೂತು ಏನಾದರೂ ಮಾಡುವುದು. ಅದಕ್ಕೆ ಬೇಕಾದ ಸಭಾಗೃಹ, ಕಲಾವಿದರು, ಸ್ವಯಂಸೇವಕರು ಎಲ್ಲ ಮುಂಬಯಿಯ ಕನ್ನಡ ಸಂಘಗಳಲ್ಲಿದ್ದಾರೆ. ಸಂಘಟನೆಯ ಅನುಭವವಂತೂ ತಲೆಮಾರುಗಳದ್ದು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ನಡೆದುಬಂದಿದೆ.

ಆದರೂ ಇಂಥ ಪ್ರಯತ್ನಗಳಲ್ಲಿ ಹೆಚ್ಚಿನವು ಒಂದೇ ಸಂಜೆಗೆ ಮುಗಿದುಹೋಗುತ್ತವೆ. ಕಾನ್ಸುಲ್ ಜನರಲ್ (ಊರಿನಲ್ಲಿರುವ ಜಪಾನಿನ ರಾಜತಾಂತ್ರಿಕ ಕಚೇರಿ, ಅಂದರೆ ಕಾನ್ಸುಲೇಟಿನ ಮುಖ್ಯಸ್ಥರು) ಬಂದರು, ಶಾಲು ಹೊದಿಸಿದ್ದಾಯಿತು, ಪತ್ರಿಕೆಯಲ್ಲಿ ಫೋಟೋ ಬಂತು, ಮರುವರ್ಷ ಎರಡೂ ಕಡೆ ಯಾರಿಗೂ ನೆನಪಿಲ್ಲ. ಅತಿಥಿಗಳಿಗೆ ಕೂತು ನೋಡುವುದನ್ನು ಬಿಟ್ಟು ಬೇರೆ ಕೆಲಸವನ್ನೇ ಕೊಡದಿದ್ದರೆ ಹೀಗೇ ಆಗುವುದು. ಎರಡೂ ಕಡೆಯವರ ಕೈಗೆ ಒಂದೇ ಕೆಲಸ ಕೊಡಿ. ಎರಡನೇ ವರ್ಷ ತಾನಾಗಿ ಬರುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಈ ಲೆಕ್ಕದ್ದೇ.

ಮೊದಲು ವಿಷಯ, ಆಮೇಲೆ ತಾರೀಖು

"ಭಾರತೀಯ ಸಂಸ್ಕೃತಿ ಸಂಜೆ" ಎಂಬ ಪ್ರಸ್ತಾಪ ಕಳಿಸಬೇಡಿ. ಕಾನ್ಸುಲೇಟಿಗೆ ಅಂಥ ಪತ್ರಗಳು ಎಲ್ಲ ಕಡೆಯಿಂದಲೂ ಬರುತ್ತವೆ. ಕನ್ನಡಿಗರೇ ಕೊಡಬಲ್ಲ, ಜಪಾನಿನಲ್ಲಿ ಅದಕ್ಕೆ ಜೋಡಿ ಇರುವ ವಿಷಯ ಹುಡುಕಿ. ಮೂರು ವಿಷಯಗಳು ಕೈಗೆ ಸಿಗುವಂತೆಯೇ ಇವೆ.

ಒಂದು, ವಿಶ್ವೇಶ್ವರಯ್ಯನವರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಅವರು 1898ರಲ್ಲೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣ ನೋಡಿ ಬಂದವರು. ಇವತ್ತು ಅಟಲ್ ಸೇತು, ಮೆಟ್ರೋ 3, ಅಹಮದಾಬಾದಿನ ಬುಲೆಟ್ ರೈಲು ಎಂದು ಜಪಾನಿನ ಸಾಲ ಮತ್ತು ತಂತ್ರಜ್ಞಾನ ಈ ಊರಿಗೆ ಬಂದಿರುವಾಗ, ಆ ಕಥೆಯ ಮೊದಲ ಅಧ್ಯಾಯದಲ್ಲಿ ಒಬ್ಬ ಕನ್ನಡಿಗನಿದ್ದಾನೆ ಎಂಬುದು ಎರಡೂ ಕಡೆಯವರಿಗೆ ಇಷ್ಟವಾಗುವ ಮಾತು. ಮಾಹಿಮಿನಲ್ಲಿ ಕರ್ನಾಟಕ ಸಂಘದ ಸಭಾಗೃಹ ಇರುವುದೇ ಅವರ ಹೆಸರಿನಲ್ಲಿ. ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ವಿಷಯವಿಲ್ಲ.

ಎರಡು, ಚನ್ನಪಟ್ಟಣದ ಗೊಂಬೆ ಮತ್ತು ಜಪಾನಿನ ತೊಹೊಕು ಪ್ರದೇಶದ ಕೊಕೆಶಿ ಗೊಂಬೆ. ಎರಡೂ ಮರವನ್ನು ಚರಕಿಗೆ (ಲೇತ್ ಯಂತ್ರಕ್ಕೆ) ಕೊಟ್ಟು ತಿರುಗಿಸಿ ಮಾಡುವಂಥವು. ಮಕ್ಕಳಿಗೆ ಹೇಳಿ ಮಾಡಿಸಿದ್ದು. ಪೊವಾಯಿಯಲ್ಲಿ ಜಪಾನಿ ಮಕ್ಕಳ ಶಾಲೆಯೂ ಇದೆ. ಅರಗು ಹಚ್ಚುವುದಕ್ಕೆ ಚರಕಿ, ಬಿಸಿ, ಪಳಗಿದ ಕೈ ಬೇಕಾದ್ದರಿಂದ ಮಕ್ಕಳಿಗೆ ಬಣ್ಣವಿಲ್ಲದ ಗೊಂಬೆ ತರಿಸಿ ಕುಂಚದಿಂದ ಮುಖ ಬರೆಯಿಸುವುದೊಂದೇ ಸಾಕು.

ಮೂರನೆಯದು ಯಕ್ಷಗಾನ ಮತ್ತು ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯ ಮುಖವರ್ಣಿಕೆ. ಇದೇ ಎಲ್ಲಕ್ಕಿಂತ ಚೆನ್ನಾಗಿ ಕೂಡಿಬರುವುದರಿಂದ ಮುಂದೆ ವಿವರವಾಗಿ ಬರೆದಿದೆ.

ಪತ್ರ ಯಾರಿಗೆ, ಹೇಗೆ

ಪ್ರತಿ ಕಾನ್ಸುಲೇಟಿಗೂ ಗೊತ್ತುಪಡಿಸಿದ ಕಾರ್ಯಕ್ಷೇತ್ರ ಇರುತ್ತದೆ. ಮಹಾರಾಷ್ಟ್ರ, ಗೋವಾ ಎರಡೂ ಮುಂಬಯಿಯ ಕಾನ್ಸುಲೇಟಿಗೆ ಸೇರಿದವು, ಕರ್ನಾಟಕ ಬೆಂಗಳೂರಿನದಕ್ಕೆ. ಕನ್ನಡದ ಕಾರ್ಯಕ್ರಮವೆಂದು ಬೆಂಗಳೂರಿಗೆ ಬರೆದರೆ ಪತ್ರ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ. ಖಾಸಗಿ ನೋಂದಾಯಿತ ಸಂಸ್ಥೆ ನೇರವಾಗಿಯೇ ಬರೆಯಬಹುದು, ಸಂಕೋಚ ಬೇಡ. ಸಾಂಸ್ಕೃತಿಕ ಸಂಬಂಧ ಬೆಳೆಸುವುದೂ ಕಾನ್ಸುಲೇಟಿನ ಕೆಲಸವೇ ಎಂದು 1963ರ ವಿಯೆನ್ನಾ ಒಪ್ಪಂದದ 5ನೇ ವಿಧಿಯಲ್ಲಿ ಇದೆ.

ಪತ್ರ ಒಂದು ಪುಟ ಮೀರಬಾರದು. ಸಂಘದ ಹೆಸರು, ನೋಂದಣಿ ಸಂಖ್ಯೆ, ಸ್ಥಾಪನೆಯ ವರ್ಷ, ವಿಷಯ ಎರಡು ವಾಕ್ಯದಲ್ಲಿ, ಜಾಗ, ಪರ್ಯಾಯವಾಗಿ ಮೂರು ತಾರೀಖು, ಅವರಿಂದ ಏನು ಬೇಕು, ನಾವು ಏನು ಮಾಡುತ್ತೇವೆ, ಒಬ್ಬರೇ ಒಬ್ಬರ ಮೊಬೈಲ್ ನಂಬರು. ಅಧ್ಯಕ್ಷರು, ಕಾರ್ಯದರ್ಶಿ, ಸಂಚಾಲಕರು ಮೂವರೂ ಬೇರೆಬೇರೆಯಾಗಿ ಫೋನ್ ಮಾಡಿದರೆ ಅಲ್ಲಿನವರಿಗೆ ಯಾರ ಮಾತು ಹಿಡಿಯಬೇಕೆಂದೇ ತಿಳಿಯುವುದಿಲ್ಲ. "ಎಕ್ಸೆಲೆನ್ಸಿ" ಎಂಬ ಸಂಬೋಧನೆ ರಾಯಭಾರಿಗಳಿಗೆ. ಕಾನ್ಸುಲ್ ಜನರಲ್‌ಗೆ ಹುದ್ದೆ ಮತ್ತು ಹೆಸರು ಸಾಕು.

ಕನಿಷ್ಠ ಮೂರು ತಿಂಗಳು ಮೊದಲು ಕಳಿಸಿ. ಜಪಾನಿನ ಹಣಕಾಸು ವರ್ಷವೂ ನಮ್ಮಂತೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಕಲಾವಿದರನ್ನು ಕರೆಸುವಂಥ ದೊಡ್ಡ ಕೋರಿಕೆಯಿದ್ದರೆ ಅದು ಜನವರಿಗೆ ಮುಂಚೆಯೇ ಅವರ ಕೈಸೇರಿರಬೇಕು. ಫೆಬ್ರವರಿ 23 ಚಕ್ರವರ್ತಿಯ ಜನ್ಮದಿನ. ಆ ಆಸುಪಾಸು ಅವರಿಗೆ ತಮ್ಮದೇ ಸಮಾರಂಭದ ಓಡಾಟ, ಆ ದಿನಗಳನ್ನು ಕೇಳಬೇಡಿ.

ಇನ್ನೊಂದು ಮಾತು, ಬಹಳ ಸಂಘಗಳು ಕಡೆಗಣಿಸುವುದು: ರಾಜತಾಂತ್ರಿಕರು ಕೆಲವೇ ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಸಂಸ್ಕೃತಿ ವಿಭಾಗದಲ್ಲಿ ಕೆಲಸ ಮಾಡುವ ಇಲ್ಲಿನ ಸಿಬ್ಬಂದಿ ವರ್ಷಗಟ್ಟಲೆ ಇರುತ್ತಾರೆ. ಸಂಘದ ನಿಜವಾದ ನಂಟು ಅವರೊಡನೆ. ಆಮಂತ್ರಣ ಪತ್ರಿಕೆ ಅವರ ಹೆಸರಿಗೂ ಹೋಗಲಿ, ಮುಂದಿನ ಸಾಲಿನಲ್ಲಿ ಅವರಿಗೂ ಕುರ್ಚಿ ಇರಲಿ.

ಹಣದ ವಿಷಯದಲ್ಲಿ ಎಚ್ಚರ

ಕಾನ್ಸುಲೇಟ್ ಇರುವುದು ಮುಂಬಯಿಯಲ್ಲೇ ಆದರೂ ಕಾನೂನಿನ ಕಣ್ಣಿಗೆ ಅದು ವಿದೇಶಿ ಮೂಲ. ಹತ್ತು ಸಾವಿರದ ಚೆಕ್ಕನ್ನು ಸಂಘದ ಖಾತೆಗೆ ಹಾಕಿಕೊಂಡರೂ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅನ್ವಯಿಸುತ್ತದೆ. ನೋಂದಣಿ ಬೇಕೆಂದರೆ ಸಂಘಕ್ಕೆ ಕನಿಷ್ಠ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ಉದ್ದೇಶಿತ ಕೆಲಸಗಳಿಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು, ಹಣ ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ. ಒಂದು ಸಂಜೆಯ ಕಾರ್ಯಕ್ರಮಕ್ಕೆ ಇದರ ತಂಟೆ ಬೇಡ. ಖರ್ಚನ್ನು ಮೊದಲೇ ಎರಡು ಪಾಲು ಮಾಡಿಕೊಳ್ಳಿ: ಸಭಾಗೃಹ, ಧ್ವನಿ, ಊಟ, ನಮ್ಮ ಕಲಾವಿದರ ಸಂಭಾವನೆ ಸಂಘದ್ದು, ಅವರ ಕಲಾವಿದರ ಪ್ರಯಾಣ, ವಸತಿ, ಸಾಮಗ್ರಿ ಅವರದು, ಅವರೇ ನೇರವಾಗಿ ಕೊಡಲಿ. ಸಂಘದ ಬಿಲ್ಲನ್ನು ಅವರು ತೀರಿಸುವುದಾಗಲಿ, ಸಾಮಾನು ದಾನ ಕೊಡುವುದಾಗಲಿ ಮಾತಿಗೆ ಬಂದರೆ ಒಪ್ಪುವ ಮೊದಲು ಸಂಘದ ಲೆಕ್ಕಪರಿಶೋಧಕರನ್ನು ಕೇಳಿ.

ಜಪಾನಿನಿಂದ ಕಲಾವಿದರು ಬರುವುದಾದರೆ ಪ್ರವಾಸಿ ವೀಸಾದಲ್ಲಿ ವೇದಿಕೆ ಹತ್ತಿಸಬೇಡಿ. ಮೊದಲ ವರ್ಷ ಮುಂಬಯಿ, ಪುಣೆಯಲ್ಲೇ ನೆಲೆಸಿರುವ ಜಪಾನಿಗಳನ್ನೂ ಜಪಾನಿ ಕಲೆ ಕಲಿತ ಇಲ್ಲಿನವರನ್ನೂ ಕರೆದರೆ ಈ ತೊಡಕೇ ಇರುವುದಿಲ್ಲ. ಹಾಗೆಯೇ, ಯೊಕೊಹಾಮಾದ ಸಂಸ್ಥೆಯೊಂದರ ಜೊತೆ ಪತ್ರ ವಿನಿಮಯಕ್ಕೆ ಸಂಘಕ್ಕೆ ಅಡ್ಡಿಯಿಲ್ಲ, ಆದರೆ "ಒಡಂಬಡಿಕೆ", "ಸೋದರಿ ನಗರ" ಎಂಬ ಮಾತುಗಳನ್ನು ಬಳಸಬೇಡಿ. ಅವು ಪಾಲಿಕೆ ಮತ್ತು ಕೇಂದ್ರ ಸರಕಾರ ಆಡುವ ಮಾತುಗಳು.

ಜಾಗ, ವೇಳೆ, ಅನುಮತಿ

ಶನಿವಾರ ಸಂಜೆ ಹಿಡಿಯಿರಿ. ಭಾನುವಾರ ಹಗಲು ಲೋಕಲ್‌ಗಳಿಗೆ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಸಂಚಾರ ತಡೆ) ಇದ್ದರೆ ಡೊಂಬಿವಲಿ, ಠಾಣೆಯಿಂದ ಬರಬೇಕಾದ ನಮ್ಮವರು ಅರ್ಧ ಕಾರ್ಯಕ್ರಮ ಮುಗಿದ ಮೇಲೆ ಬರುತ್ತಾರೆ. ಖಾಲಿ ಕುರ್ಚಿಗಳ ಎದುರು ಅತಿಥಿ ಮಾತಾಡುವಂತಾಗುತ್ತದೆ. 4ಕ್ಕೆ ಕಮ್ಮಟ, 6ಕ್ಕೆ ವೇದಿಕೆ, 7:45ಕ್ಕೆ ಮುಕ್ತಾಯ, ಆಮೇಲೆ ಊಟ. ನಿಮಿಷದ ಲೆಕ್ಕದಲ್ಲಿ ಒಂದು ಹಾಳೆ ಮಾಡಿ ಹತ್ತು ದಿನ ಮೊದಲು ಕಾನ್ಸುಲೇಟಿಗೆ ಕಳಿಸಿ. ಕಳಿಸಿದ ಮೇಲೆ ಅದರಂತೆಯೇ ನಡೆಸಿ. "ಗಣ್ಯರೊಬ್ಬರು ಬಂದಿದ್ದಾರೆ, ಎರಡು ಮಾತು" ಎಂದು ನಡುವೆ ತುರುಕಿದ ಭಾಷಣದಷ್ಟು ಬೇಗ ವಿಶ್ವಾಸ ಕೆಡಿಸುವುದು ಬೇರೊಂದಿಲ್ಲ.

ಮಹಾರಾಷ್ಟ್ರದಲ್ಲಿ ರಂಗಪ್ರಯೋಗದ ಪಠ್ಯಕ್ಕೆ ರಾಜ್ಯದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕು. ಕನ್ನಡದ ಪ್ರಯೋಗವೂ ಇದಕ್ಕೆ ಹೊರತಲ್ಲ. ಸಭಾಗೃಹದವರು ಕೊನೆಯ ವಾರ ಕೇಳಿದಾಗ ಓಡಾಡುವ ಬದಲು ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಸ್ಥಳೀಯ ಪೊಲೀಸ್ ಠಾಣೆಗೆ ಅತಿಥಿಯ ಹೆಸರು, ವೇಳೆ ತಿಳಿಸುವ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಧ್ವನಿಮುದ್ರಿತ ಸಂಗೀತ ಬಳಸಿದರೆ ಅದರ ಪರವಾನಗಿ ಬೇರೆ. ತೆರೆದ ಅಂಗಳದಲ್ಲಿ ಮಾಡಿದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು.

ಚೌಕಿಗೇ (ಬಣ್ಣ ಹಚ್ಚುವ ಕೋಣೆಗೇ) ಅತಿಥಿಗಳನ್ನು ಕರೆಯಿರಿ

ಯಕ್ಷಗಾನಕ್ಕೂ ಕಬುಕಿಗೂ ಹೋಲಿಕೆ ಬಹಳ. ಗಂಡಸರೇ ಹೆಣ್ಣುವೇಷ ಕಟ್ಟುವ ಪರಂಪರೆ, ಮುಖದ ಬಣ್ಣದಲ್ಲೇ ಪಾತ್ರದ ಗುಣ, ಹಾಡು ಮತ್ತು ವಾದ್ಯದವರು ಪ್ರೇಕ್ಷಕರ ಕಣ್ಣೆದುರೇ ಕೂರುವುದು ಎರಡರಲ್ಲೂ ಉಂಟು. ಕಬುಕಿಯ ಕುಮಡೋರಿ ಎಂಬ ಮುಖವರ್ಣಿಕೆಯಲ್ಲಿ ಬಿಳಿ ತಳದ ಮೇಲೆ ಕೆಂಪು ಗೆರೆ ವೀರನಿಗೆ, ನೀಲಿ ಗೆರೆ ದುಷ್ಟನಿಗೆ ಅಥವಾ ಪ್ರೇತಕ್ಕೆ, ಕಂದು ಗೆರೆ ಅಮಾನುಷ ಪಾತ್ರಕ್ಕೆ. ಇದನ್ನು ಭಾಷಣದಲ್ಲಿ ಹೇಳಿದರೆ ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಚೌಕಿಯಲ್ಲಿ ಕೂರಿಸಿ ತೋರಿಸಿದರೆ ಉಳಿಯುತ್ತದೆ.

ಇಪ್ಪತ್ತರಿಂದ ಇಪ್ಪತ್ತೈದು ಜನರಿಗೆ ಮಿತಿ ಹಾಕಿ, ಅರ್ಧ ಅವರ ಕಡೆಯವರು, ಅರ್ಧ ನಮ್ಮವರು. ಅವರವರೇ ಗುಂಪಾಗಿ ಕೂರಲು ಬಿಡದೆ ಜೋಡಿ ಜೋಡಿಯಾಗಿ ಕೂರಿಸಿ. ಎದುರಿಗೆ ಇಬ್ಬರು ಕಲಾವಿದರು: ಒಬ್ಬರು ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಇನ್ನೊಬ್ಬರು ಬಡಗಿನ (ಉತ್ತರದ ಶೈಲಿಯ) ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಪುಂಡುವೇಷ, ಅಂದರೆ ತರುಣ ವೀರನ ಪಾತ್ರ. ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಅರೆದ ಮಿಶ್ರಣದಿಂದ ಚಿಟ್ಟಿ, ಅಂದರೆ ಉಬ್ಬಿದ ಚುಕ್ಕೆಗಳನ್ನು, ಇಡುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಆದ್ದರಿಂದ ಆ ಕಲಾವಿದರು ಮಧ್ಯಾಹ್ನ 2ಕ್ಕೇ ಕೂತಿರಬೇಕು. 4ಕ್ಕೆ ಅತಿಥಿಗಳು ಬಂದಾಗ ಅರ್ಧ ಮುಖ ಆಗಿರಲಿ, ಇನ್ನರ್ಧ ಅವರೆದುರು ಆಗಲಿ. ಹನಿಹನಿಯಾಗಿ ಹಿಟ್ಟು ಮೊನಚಾಗಿ ನಿಲ್ಲುವುದನ್ನು ಒಂದು ಗೇಣು ದೂರದಿಂದ ನೋಡುತ್ತ ಜನ ಸುಮ್ಮನಾಗಿಬಿಡುತ್ತಾರೆ. ಆ ಹೊತ್ತಿನಲ್ಲಿ ವಿವರಣೆಕಾರರು ಮಾತು ಕಡಿಮೆ ಮಾಡಬೇಕು.

ಒಂದು ಮುಖ್ಯ ಎಚ್ಚರಿಕೆ. ಹಳೆಯ ಕ್ರಮದ ಬಣ್ಣಗಳಲ್ಲಿ ಅರದಾಳ ಆರ್ಸೆನಿಕ್‌ನದು, ಇಂಗಳೀಕ ಪಾದರಸದ್ದು. ಅವನ್ನು ಅತಿಥಿಗಳ, ಅದರಲ್ಲೂ ಮಕ್ಕಳ ಚರ್ಮಕ್ಕೆ ತಾಗಿಸಲೇಬಾರದು. ಸುಣ್ಣದ ಹಿಟ್ಟೂ ಬೇಡ. ಕಮ್ಮಟಕ್ಕೆ ನೀರಿನಲ್ಲಿ ತೊಳೆದುಹೋಗುವ ರಂಗಭೂಮಿ ಬಣ್ಣ ತನ್ನಿ, ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ಹದಿನೈದು ನಿಮಿಷ ಕಾಯಿರಿ, ತುರಿಕೆ ಇಲ್ಲದಿದ್ದರೆ ಮಾತ್ರ ಮುಖಕ್ಕೆ. ಜೋಡಿಗೆ ಒಂದು ಕುಂಚ, ಒಂದು ಕನ್ನಡಿ, ಹತ್ತಿ, ತೆಂಗಿನೆಣ್ಣೆ, ಒರೆಸಲು ಬಟ್ಟೆ. ಕನ್ನಡಿಗರು ಕುಮಡೋರಿಯ ಗೆರೆ ಎಳೆಯಲಿ, ಜಪಾನಿಗಳು ನಮ್ಮ ನಾಮ, ಹುಬ್ಬು ಬರೆಯಲಿ.

ಆಟ ಮುಗಿದ ಮೇಲೆ ಅಚ್ಚು ತೆಗೆಯುವುದನ್ನು ಬಿಡಬೇಡಿ. ಕಬುಕಿಯಲ್ಲಿ ನಟನ ಮುಖದ ಮೇಲೆ ಬಟ್ಟೆ ಒತ್ತಿ ಬಣ್ಣದ ಅಚ್ಚು ತೆಗೆದಿಡುವ ರೂಢಿ ಇದೆ, ಅದಕ್ಕೆ ಒಶಿಗುಮಾ ಎನ್ನುತ್ತಾರೆ. ಯಕ್ಷಗಾನದ ಮುಖಕ್ಕೂ ಅದನ್ನೇ ಮಾಡಿ. ಎರಡಡಿ ಚೌಕದ ಬಿಳಿ ಹತ್ತಿಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆದಿರಬೇಕು. ಒಬ್ಬ ಕನ್ನಡಿಗ, ಒಬ್ಬ ಜಪಾನಿ ಎರಡು ಕಡೆ ಹಿಡಿದು ಹಣೆಯಿಂದ ಮೂಗು, ಕೆನ್ನೆ, ಗಲ್ಲದತ್ತ ಮೆಲ್ಲಗೆ ಒತ್ತುತ್ತ ಬರಬೇಕು. ಉಜ್ಜಿದರೆ ಗೆರೆ ಕಲಸಿಹೋಗುತ್ತದೆ. ಪೌಡರ್ ಜಾಸ್ತಿ ಕೂತ ಮುಖದ ಅಚ್ಚು ಮಸುಕು. ಎಣ್ಣೆ ಸೇರಿದ ಬಣ್ಣ ಚೆನ್ನಾಗಿ ಹತ್ತುತ್ತದೆ. ಚಿಟ್ಟಿ ಇಟ್ಟ ಮುಖಕ್ಕೆ ಇದು ಆಗದು, ಪುಂಡುವೇಷಕ್ಕೆ ಮಾಡಿ. ಎರಡು ಅಚ್ಚು ತೆಗೆದು ಕಲಾವಿದರ ಸಹಿ ಹಾಕಿಸಿ ಒಂದು ಕಾನ್ಸುಲೇಟಿಗೆ, ಒಂದು ಸಂಘದ ಗೋಡೆಗೆ.

ಪ್ರಸಂಗದ ತುಣುಕು ನಲವತ್ತು ನಿಮಿಷ ಸಾಕು. ಹವಾನಿಯಂತ್ರಿತ ಮುಚ್ಚಿದ ಸಭಾಗೃಹದಲ್ಲಿ ಚೆಂಡೆಗೆ ಮೈಕು ಕೊಡಬೇಡಿ. ಭಾಗವತರಿಗೂ ಪಾತ್ರಧಾರಿಗಳಿಗೂ ಕೊಡಿ. ಇದನ್ನು ಧ್ವನಿಯವರಿಗೆ ಹಿಂದಿನ ದಿನವೇ ಹೇಳದಿದ್ದರೆ ಮೊದಲ ಸಾಲಿನವರು ಕಿವಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.

ಧ್ವಜ, ಗೀತೆ, ಬ್ಯಾನರ್

ತಪ್ಪಾದರೆ ತಿದ್ದಲಾಗದ್ದು ಇಲ್ಲೇ. ಎರಡು ಧ್ವಜಗಳೂ ಒಂದೇ ಅಳತೆ, ಒಂದೇ ಎತ್ತರ, ಬೇರೆಬೇರೆ ಕೋಲು. ಭಾರತ, ಜಪಾನ್ ಎರಡರ ಧ್ವಜವೂ 3:2 ಅನುಪಾತದ್ದೇ ಆದ್ದರಿಂದ ಜೋಡಿ ಸುಲಭ. ವೇದಿಕೆಯ ಮೇಲೆ ಸಭಿಕರತ್ತ ಮುಖ ಮಾಡಿ ನಿಂತವರ ಬಲತುದಿಗೆ ನಮ್ಮ ಧ್ವಜ ಬರಬೇಕು. ಸಭಿಕರಿಗೆ ಅದು ಎಡಕ್ಕೆ ಕಾಣುತ್ತದೆ. ಡೆಕೋರೇಟರುಗಳು ಎಡವುವುದು ಇಲ್ಲಿ. ಮೇಜಿನ ಮೇಲೆ ಕೋಲುಗಳನ್ನು ಅಡ್ಡ ಜೋಡಿಸುವುದಾದರೆ ನಮ್ಮ ಧ್ವಜ ಅದರದೇ ಬಲಕ್ಕೆ, ಅದರ ಕೋಲು ಮುಂದಕ್ಕೆ. ಮೇಜಿಗೆ ಹೊದಿಸುವುದು, ಮೇಲೆ ಅಕ್ಷರ ಬರೆಸುವುದು ಸಲ್ಲದು. ನಮ್ಮ ಹಳದಿ–ಕೆಂಪು ಬಾವುಟಕ್ಕೆ ಪ್ರವೇಶದ್ವಾರ ಒಳ್ಳೆಯ ಜಾಗ; ರಾಷ್ಟ್ರಧ್ವಜಗಳ ಸಾಲಿನಲ್ಲಿ ಬೇಡ.

ಜಪಾನಿನ ಧ್ವಜವೆಂದರೆ ಬಿಳಿಯ ನಡುವೆ ಕೆಂಪು ವೃತ್ತ, ವ್ಯಾಸ ಎತ್ತರದ ಐದನೇ ಮೂರರಷ್ಟು. ಕಿರಣಗಳಿರುವ ಧ್ವಜ ಬೇರೆ; ಯುದ್ಧಕಾಲದ ನೆನಪಿನಿಂದಾಗಿ ಕೊರಿಯಾ, ಚೀನಾದವರಿಗೆ ಅದು ನೋವಿನದು. ಅಂತರಜಾಲದಿಂದ ಇಳಿಸಿ ಬ್ಯಾನರ್ ಮಾಡುವವರು ಇದನ್ನೇ ಹಾಕಿಬಿಡುವುದುಂಟು. ಭಾರತದ ಭೂಪಟವೂ ಹಾಗೆಯೇ: ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಗಡಿ ಮುದ್ರಿಸುವುದು ಅಪರಾಧ. ಭೂಪಟವನ್ನೇ ಕೈಬಿಟ್ಟರೆ ಕ್ಷೇಮ. ಮುದ್ರಣಕ್ಕೆ ಕೊಡುವ ಮುನ್ನ ಬ್ಯಾನರಿನ ಕರಡನ್ನು ಕಾನ್ಸುಲೇಟಿಗೆ ಕಳಿಸಿ ಒಪ್ಪಿಗೆ ಪಡೆಯಿರಿ.

ರಾಷ್ಟ್ರಗೀತೆಗಳನ್ನು ಹಾಡಿಸುವುದಾದರೆ ಅತಿಥಿ ದೇಶದ್ದು ಮೊದಲು, ನಮ್ಮದು ಆಮೇಲೆ ಎಂಬುದು ಸಾಮಾನ್ಯ ಕ್ರಮ. ನಮ್ಮದರ ಪೂರ್ಣ ಪಾಠಕ್ಕೆ ಸುಮಾರು 52 ಸೆಕೆಂಡು. ಜಪಾನಿನ ಗೀತೆಯ ಧ್ವನಿಮುದ್ರಿಕೆಯನ್ನು ಕಾನ್ಸುಲೇಟಿನಿಂದಲೇ ತರಿಸಿ.

ಮಾತು ಮತ್ತು ಅನುವಾದ

ಭಾಷಣ ಏಳು ನಿಮಿಷ ಎಂದಿಟ್ಟುಕೊಂಡರೆ ಅನುವಾದ ಸೇರಿ ಹದಿನೈದು. ಕನ್ನಡದಿಂದ ಇಂಗ್ಲಿಷ್, ಅಲ್ಲಿಂದ ಜಪಾನಿ ಎಂದು ಎರಡು ಮೆಟ್ಟಿಲಾದರೆ ಇಪ್ಪತ್ತು ದಾಟುತ್ತದೆ. ಬರೆದ ಭಾಷಣವನ್ನು ಹತ್ತು ದಿನ ಮೊದಲು ಪಡೆದು ಅನುವಾದಿಸಿ ಪರದೆಯ ಮೇಲೆ ತೋರಿಸುವುದು ಮೇಲು. ಯಕ್ಷಗಾನದ ಅರ್ಥಗಾರಿಕೆ ಅಲ್ಲಲ್ಲೇ ಹುಟ್ಟುವಂಥದ್ದು, ಅದಕ್ಕೆ ಪ್ರತಿ ದೃಶ್ಯಕ್ಕೂ ಎರಡೇ ಸಾಲಿನ ಸಾರ ಸಾಕು.

ಅತಿಥಿಗಳ ಹೆಸರನ್ನು ನಿರೂಪಕರು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಲಿ. ಜಪಾನಿ ಉಚ್ಚಾರ ಕನ್ನಡದಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಕೂರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದಿದವರೇ ತಪ್ಪುವುದು. ಅಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹೇಗೆ ಕರೆಯಬೇಕೆಂದು ಅವರ ಕಚೇರಿಯವರಿಂದ ಹೇಳಿಸಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ.

ಊಟ ಮತ್ತು ಸನ್ಮಾನ

ಬಾಳೆಎಲೆಯ ಊಟ ಹಾಕಿ, ಪಕ್ಕದಲ್ಲಿ ಚಮಚವೂ ಇರಲಿ. ಹೋಳಿಗೆ, ನೀರ್‌ದೋಸೆ, ಪತ್ರೊಡೆ, ಚಿತ್ರಾನ್ನ, ಖಾರ ಅರ್ಧಕ್ಕಿಳಿಸಿ. ಅಲರ್ಜಿ ಇದೆಯೇ ಎಂದು ಬರಹದಲ್ಲಿ ಕೇಳಿ. ಅವರ ಕಡೆಯಿಂದ ಜಪಾನಿ ತಿನಿಸು ಬರುವುದಾದರೆ ನಮ್ಮ ಸಸ್ಯಾಹಾರಿಗಳಿಗಾಗಿ ಒಂದು ಮಾತು ಮೊದಲೇ ಹೇಳಬೇಕು: ಅಲ್ಲಿನ ಸಾರುಗಳಿಗೆ ಹಾಕುವ ದಾಶಿ ಸಾಮಾನ್ಯವಾಗಿ ಒಣಮೀನಿನದು. ಕೊಂಬು ಎಂಬ ಕಡಲಪಾಚಿಯಿಂದಲೋ ಒಣ ಅಣಬೆಯಿಂದಲೋ ದಾಶಿ ಮಾಡಲು ಕೇಳಿಕೊಂಡರೆ ಸಂತೋಷದಿಂದ ಮಾಡುತ್ತಾರೆ.

ಸನ್ಮಾನ ಒಂದೇ, ಮೂರು ನಿಮಿಷದ್ದು. ಮೈಸೂರು ಪೇಟ ತೊಡಿಸುವುದಾದರೆ ಮೊದಲೇ ಕೇಳಿ, ತಲೆಯ ಅಳತೆಯನ್ನೂ ಕೇಳಿ; ಕಣ್ಣಿಗೆ ಇಳಿದ ಪೇಟದಲ್ಲಿ ಫೋಟೋ ತೆಗೆಸಿಕೊಳ್ಳಬೇಕಾದವರ ಮುಜುಗರ ಯೋಚಿಸಿ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಿಂದ ಕೊಡುವುದು, ಪಡೆಯುವುದು. ಉಡುಗೊರೆಯನ್ನು ಅವರು ನಮ್ಮೆದುರು ಬಿಚ್ಚದಿದ್ದರೆ ಅದು ಅವರ ಮರ್ಯಾದೆ. ನಾಲ್ಕು ಅಥವಾ ಒಂಬತ್ತು ಸಂಖ್ಯೆಯಲ್ಲಿ ಏನನ್ನೂ ಕೊಡಬೇಡಿ, ಅವು ಅಲ್ಲಿ ಅಶುಭ. ಜಪಾನಿಗೆ ಮರಳುವ ಕಲಾವಿದರಿಗೆ ತೆಂಗಿನಕಾಯಿ, ವೀಳ್ಯ, ಹಣ್ಣು, ಬೀಜ ಕಟ್ಟಿಕೊಟ್ಟರೆ ಸಸ್ಯ ತಪಾಸಣೆಯಲ್ಲಿ ತಡೆಯುತ್ತಾರೆ. ಚನ್ನಪಟ್ಟಣದ ಗೊಂಬೆ ಹಗುರ, ಒಡೆಯುವುದಿಲ್ಲ.

ಪುಣೆ, ಗೋವೆಯವರಿಗೆ

ಪುಣೆಯ ಸಂಘಗಳಿಗೆ ಅನುಕೂಲ ಇನ್ನೂ ಹೆಚ್ಚು. ಜಪಾನಿ ಕಲಿಯುವವರು ಆ ಊರಿನಲ್ಲಿ ಬಹಳ, ನಮ್ಮ ಹುಡುಗ ಹುಡುಗಿಯರೂ ಅವರಲ್ಲಿದ್ದಾರೆ. ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್3 (ಮಧ್ಯಮ ಹಂತ) ಮುಗಿಸಿದವರು ಅತಿಥಿಗಳ ಜೊತೆಗಿರಲು ಸಾಕು. ವೇದಿಕೆಯ ಅನುವಾದಕ್ಕೆ ಎನ್1 (ಅತಿ ಮೇಲಿನ ಹಂತ) ಆದವರು ಬೇಕು. ಪರೀಕ್ಷೆ ಜುಲೈ, ಡಿಸೆಂಬರಿನಲ್ಲಿ, ಆ ತಿಂಗಳು ಅವರನ್ನು ಕಾಡಬೇಡಿ. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ ಒಕಾಯಾಮಾದ ಕೊರಾಕುಎನ್ ತೋಟದ ಮಾದರಿಯದು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಖಡಕ್‌ವಾಸ್ಲಾ, ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಮೊದಲು ಕೂರಿಸಿದ ಜಲಾಶಯ. ಬೆಳಿಗ್ಗೆ ತೋಟ, ಮಧ್ಯಾಹ್ನ ಜಲಾಶಯ ಎಂದು ಜಂಟಿ ನಡಿಗೆ ಇಟ್ಟರೆ ಸಭಾಗೃಹದ ಬಾಡಿಗೆಯೂ ಇಲ್ಲ. ತೋಟಕ್ಕೆ ಪಾಲಿಕೆಯ, ಅಣೆಕಟ್ಟಿನ ಬಳಿಗೆ ನೀರಾವರಿ ಇಲಾಖೆಯ ಅನುಮತಿ ಕೇಳಿಕೊಳ್ಳಿ.

ಗೋವೆಯ ಸಂಘಗಳು ಇದೇ ಕ್ರಮವನ್ನು ಬೇರೊಂದು ದೇಶದೊಡನೆ ಹಿಡಿಯುವುದಾದರೆ ಹತ್ತಿರದ ಬಾಗಿಲು ಪಣಜಿಯ ಪೋರ್ಚುಗಲ್ ಕಾನ್ಸುಲೇಟ್. ಆ ದೇಶದ ಜೊತೆ ನಮ್ಮ ಸಂಬಂಧ ಮತ್ತೆ ಕೂಡಿಬಂದದ್ದು 1974ರ ಒಪ್ಪಂದದಿಂದ. ಉಳ್ಳಾಲದ ಅಬ್ಬಕ್ಕನ ನಾಡಿನವರು ನಾವು. ಆ ಚರಿತ್ರೆಯನ್ನು ಮುಚ್ಚಿಡಬೇಕಿಲ್ಲ. ಇತಿಹಾಸ ಬಲ್ಲವರನ್ನು ಕೂರಿಸಿ ಪ್ರತ್ಯೇಕ ಗೋಷ್ಠಿಯಲ್ಲಿ ನೇರವಾಗಿ ಮಾತಾಡಿ. ಸಂಗೀತದ ಸಂಜೆಯ ಸ್ವಾಗತ ಭಾಷಣಕ್ಕೆ ಅದನ್ನು ಎಳೆದು ತರಬೇಡಿ.

ಮುಗಿದ ಮೇಲಿನ ಹತ್ತು ದಿನ

ಮೂರನೇ ದಿನಕ್ಕೆ ಕೃತಜ್ಞತಾ ಪತ್ರ, ಅಡುಗೆಯವರು ಮತ್ತು ಧ್ವನಿಯವರಿಗೂ. ಹತ್ತನೇ ದಿನದೊಳಗೆ ಕಾನ್ಸುಲೇಟಿಗೆ ಒಂದು ಪುಟದ ವರದಿ, ಹೆಸರು ಬರೆದ ಹತ್ತೇ ಫೋಟೋ, ಪತ್ರಿಕಾ ತುಣುಕು. ಇನ್ನೂರು ಫೋಟೋ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಮಕ್ಕಳ ಫೋಟೋ ಹಂಚುವ ಮೊದಲು ಹೆತ್ತವರ ಒಪ್ಪಿಗೆ ಪಡೆದಿರಬೇಕು.

ಸಂಘದಲ್ಲಿ ಒಂದು ಕಡತ ತೆರೆಯಿರಿ. ಪತ್ರಗಳ ಪ್ರತಿ, ನಿಮಿಷದ ಹಾಳೆ, ಖರ್ಚು, ಕಮ್ಮಟದ ಜೋಡಿಗಳ ಪಟ್ಟಿ, ಏನು ಕೆಟ್ಟಿತು, ಏಕೆ ಎಂಬ ಟಿಪ್ಪಣಿ ಅದರಲ್ಲಿರಲಿ. ಕಾರ್ಯಕಾರಿ ಸಮಿತಿ ಬದಲಾದಾಗ ಬೀಗದ ಕೈ ಜೊತೆಗೆ ಈ ಕಡತವೂ ಹಸ್ತಾಂತರವಾಗಬೇಕು. ಕಾನ್ಸುಲ್ ಜನರಲ್ ವರ್ಗವಾದ ಸುದ್ದಿ ಬಂದ ವಾರವೇ ಹೋಗುವವರಿಗೊಂದು, ಬರುವವರಿಗೊಂದು ಪತ್ರ ಬರೆಯಿರಿ. ಬರುವವರಿಗೆ ಬರೆಯುವ ಪತ್ರದೊಡನೆ ಹಿಂದಿನ ವರದಿಯನ್ನೂ ಮುಂದಿನ ವರ್ಷಕ್ಕೆ ಮೂರು ತಾರೀಖುಗಳನ್ನೂ ಇಡಿ.